ಶುಕ್ರವಾರದ ಕಾಲೇಜು ಪಿರಿಯಡ್ಡು

ಶುಕ್ರವಾರದ ಕೊನೆಯ ಪಿರಿಯಡ್ಡೆಂದರೆ ಯಾರಿಗೂ ಬೇಡದ ಕೂಸು. ಮಕ್ಕಳ ಮೈ ತರಗತಿಯಲ್ಲಿದ್ದರೂ ಕಾಲು ಆಗಲೇ ಗೇಟು ದಾಟಿರುತ್ತದೆ. ಪಾಠ ಮಾಡುವವರ ಕಣ್ಣು ಪುಸ್ತಕಕ್ಕಿಂತ ಹೆಚ್ಚಾಗಿ ಗಡಿಯಾರದ ಮೇಲಿರುತ್ತದೆ. ಆ ಪಿರಿಯಡ್ಡು ಗಣಿತದ ಟೀಚರ ಕೊರಳಿಗೆ ಬಿದ್ದದ್ದು ವರ್ಷದ ನಡುವೆ.

ಏಳನೇ ತರಗತಿಯ ಮಕ್ಕಳು ಈಗಿನಿಂದಲೇ ಕಾಲೇಜಿನ ಬಗ್ಗೆ ಯೋಚಿಸುವಂತೆ ಮಾಡಬೇಕು ಎಂದು ಮೇಲಿನ ಕಚೇರಿಯಿಂದ ಸುತ್ತೋಲೆ ಬಂದಿತ್ತು. ಜೊತೆಗೆ ಒಂದು ರಟ್ಟಿನ ಪೆಟ್ಟಿಗೆ ತುಂಬ ಕೈಪಿಡಿಗಳು. ವಿಜ್ಞಾನದ ಮೇಷ್ಟ್ರು ಗಂಟಲು ಕೆಟ್ಟಿದೆ ಎಂದು ಕೈಸನ್ನೆಯಲ್ಲೇ ತಿಳಿಸಿ ಜಾರಿಕೊಂಡರು. ಚರಿತ್ರೆಯ ಟೀಚರು ಹೆರಿಗೆ ರಜೆಯ ಹೊಸ್ತಿಲಲ್ಲಿದ್ದರು. ಆಟದ ಮೇಷ್ಟ್ರು, ತಾವು ಕಾಲೇಜಿನಲ್ಲಿ ಓದಿದ್ದಕ್ಕಿಂತ ಓಡಿದ್ದೇ ಹೆಚ್ಚು ಎಂದು ನಕ್ಕು ಕೈ ತೊಳೆದುಕೊಂಡರು. ಉಳಿದವರು ಗಣಿತದ ಟೀಚರು. ಅವರಿಗೆ ಜಾರಿಕೊಳ್ಳುವ ಕಲೆ ಯಾವತ್ತೂ ಒಗ್ಗಿರಲಿಲ್ಲ.

"ನೀವೇ ಸರಿ. ನಿಮ್ಮ ಮಗಳು ಕಾಲೇಜಲ್ಲಿ ಓದ್ತಿದಾಳಲ್ಲ, ನಿಮಗೆ ಒಳಗಿಂದೆಲ್ಲ ಗೊತ್ತಿರತ್ತೆ," ಎಂದರು ಮುಖ್ಯೋಪಾಧ್ಯಾಯರು.

ಟೀಚರು ಹೂಂ ಅನ್ನಲಿಲ್ಲ, ಊಹೂಂ ಅನ್ನಲೂ ಇಲ್ಲ. ಪೆಟ್ಟಿಗೆಯನ್ನು ಸೊಂಟಕ್ಕಿಟ್ಟುಕೊಂಡು ಮೆಟ್ಟಿಲಿಳಿದು ಬಂದರು. ಮಗಳು ಕಾಲೇಜು ಬಿಟ್ಟು ಆರು ತಿಂಗಳಾಗಿತ್ತು. ಇದೇ ಶಾಲೆಯಲ್ಲಿ ಕಲಿತ ಹುಡುಗಿ, ಇಲ್ಲಿನ ಎಲ್ಲರೂ ಎತ್ತಿ ಆಡಿಸಿದ ಹುಡುಗಿ. ಅವಳಿಗೆ ಕಾಲೇಜಿನಲ್ಲಿ ಸೀಟು ಸಿಕ್ಕಿದ ದಿನ ಸ್ಟಾಫ್ ರೂಮಿನಲ್ಲಿ ಸಿಹಿ ಹಂಚಿದ್ದರು. ಬಿಟ್ಟ ಸುದ್ದಿಯನ್ನು ಹೇಗೆ ಹಂಚುವುದೆಂದು ತಿಳಿಯದೆ, ಇವತ್ತು ಬೇಡ ನಾಳೆ ಎನ್ನುತ್ತ ಹೊಟ್ಟೆಯಲ್ಲೇ ಇಟ್ಟುಕೊಂಡು ಬಂದಿದ್ದರು. ಯಾರಾದರೂ "ಮಗಳು ಹೇಗಿದಾಳೆ" ಎಂದರೆ "ಚೆನ್ನಾಗಿದಾಳೆ" ಎನ್ನುತ್ತಿದ್ದರು. ಅದರಲ್ಲಿ ಸುಳ್ಳೇನೂ ಇಲ್ಲ ಎಂದು ತಮಗೆ ತಾವೇ ಸಮಾಧಾನ ಹೇಳಿಕೊಳ್ಳುತ್ತಿದ್ದರು.

ಟೀಚರಿಗೆ ಆಗ ಐವತ್ತೆರಡು. ಇಪ್ಪತ್ತಾರು ವರ್ಷ ಅದೇ ಕರಿಹಲಗೆಗಳ ಮುಂದೆ ನಿಂತು ಮಂಡಿ ಸವೆದಿತ್ತು, ಸೀಮೆಸುಣ್ಣದ ಪುಡಿಗೆ ಬೆರಳ ತುದಿಗಳು ಬಿರುಕು ಬಿಟ್ಟಿದ್ದವು. ಭಾಗಾಕಾರ ಮಾಡಿಸುವಾಗಲೆಲ್ಲ "ಶೇಷ ಬರೀರಿ, ಶೇಷ ಮರೀಬೇಡಿ" ಎನ್ನುತ್ತಿದ್ದುದರಿಂದ ಮಕ್ಕಳು ಬೆನ್ನ ಹಿಂದೆ ಶೇಷಮ್ಮ ಎನ್ನುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಸಂಜೆಯ ಹೊತ್ತಿಗೆ ತಮ್ಮಲ್ಲಿ ಉಳಿಯುವುದು ಅಷ್ಟೇ ಅಲ್ಲವೇ ಎಂದುಕೊಂಡು ಸುಮ್ಮನಾಗಿದ್ದರು.

ಮೊದಲ ಶುಕ್ರವಾರ ಕೈಪಿಡಿ ಹಂಚಿದರು. ಒಳಪುಟದಲ್ಲಿ ಹತ್ತು ಮೆಟ್ಟಿಲಿನ ಚಿತ್ರ. ತುತ್ತತುದಿಯಲ್ಲಿ ಪದವೀಧರರ ಚೌಕ ಟೋಪಿ ಹಾಕಿಕೊಂಡ ಹುಡುಗನೊಬ್ಬ ಹಲ್ಲು ಕಿರಿದು ನಿಂತಿದ್ದ. ಪ್ರತಿ ಮೆಟ್ಟಿಲಿನಲ್ಲೂ ಮಗು ತಾನು ಆ ವರ್ಷ ಏನು ಸಾಧಿಸುವೆನೆಂದು ಬರೆಯಬೇಕು. ನಲವತ್ತಮೂರು ಮಕ್ಕಳು ತಲೆ ಬಗ್ಗಿಸಿ ಬರೆದರು. ಹದಿನಾರು ಮಂದಿ ಡಾಕ್ಟರಾಗಿದ್ದರು. ಒಬ್ಬ ನಾಲ್ಕನೇ ಮೆಟ್ಟಿಲಲ್ಲೇ ಮದುವೆಯಾಗಿದ್ದ. ಟೀಚರು ಎಲ್ಲಕ್ಕೂ ನೋಡಿದ ಗುರುತಿಗೆ ಕೆಂಪು ಗೀಟು ಎಳೆದು ಕೊಟ್ಟರು.

ಆ ಮೆಟ್ಟಿಲು ಅವರಿಗೆ ಹೊಸದಲ್ಲ. ಮಗಳಿಗೆ ಹನ್ನೊಂದು ತುಂಬಿದ ವರ್ಷ ತಾವೇ ಅಂಥದೊಂದನ್ನು ದೊಡ್ಡ ಹಾಳೆಯ ಮೇಲೆ ಬಿಡಿಸಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದರು. ಒಂದು ಸಂಜೆ ಮಗಳು ಪಕ್ಕದಲ್ಲಿ ಕೂತು ಉತ್ತರಪತ್ರಿಕೆಗಳ ಮೊತ್ತ ಕೂಡಿಕೊಡುತ್ತ "ನಂಗೂ ಲೆಕ್ಕ ಇಷ್ಟ ಅಮ್ಮ" ಎಂದಿದ್ದಳು. ಆ ಒಂದು ಮಾತನ್ನು ತಾಯಿ ಸೆರಗಿಗೆ ಗಂಟು ಹಾಕಿಕೊಂಡರು. ಅಲ್ಲಿಂದ ಮುಂದೆ ಯಾವ ತರಗತಿಯಲ್ಲಿ ಎಷ್ಟು ಅಂಕ, ಯಾವ ಪರೀಕ್ಷೆ, ಯಾವ ಕಾಲೇಜು, ಎಲ್ಲವೂ ಬಾಗಿಲ ಮೇಲೆ ಬಂತು. ಹುಡುಗಿ ಒಂದೊಂದೇ ಹತ್ತಿದಳು. ಒಂದು ದಿನವೂ ಅಡ್ಡ ಮಾತಾಡಲಿಲ್ಲ. ಊರಿನ ಆಚೆ ಬದಿಯ ದೊಡ್ಡ ಕಾಲೇಜಿನಲ್ಲಿ ಗಣಿತಕ್ಕೇ ಸೇರಿದಳು. ಎರಡನೆಯ ವರ್ಷದ ಅರ್ಧಕ್ಕೆ ಒಂದು ಬೆಳಿಗ್ಗೆ, ಊಟದ ಡಬ್ಬಿಯನ್ನು ಚೀಲಕ್ಕೆ ಹಾಕದೆ ಮೇಜಿನ ಮೇಲೇ ಬಿಟ್ಟು, "ನಾನು ಇನ್ನು ಹೋಗಲ್ಲ" ಎಂದಳು. ಕಾರಣ ಕೇಳಿದರೆ ಬಾಯಿಗೆ ಬೀಗ. ನೀರು ಸರಬರಾಜಿನ ಪಂಪ್‌ಹೌಸಿನಲ್ಲಿ ಪಾಳಿ ಕೆಲಸ ಮಾಡುವ ತಂದೆ "ಅವಳಿಗೆ ಸ್ವಲ್ಪ ಉಸಿರಾಡೋಕೆ ಬಿಡು" ಎಂದಷ್ಟೇ ಹೇಳಿ ಮಲಗಿದರು. ತಾಯಿ ಒಂದು ತಿಂಗಳು ಬೈದರು, ಒಂದು ತಿಂಗಳು ಬೇಡಿಕೊಂಡರು, ಆಮೇಲೆ ಎರಡಕ್ಕೂ ತ್ರಾಣವಿಲ್ಲದೆ ಬಿಟ್ಟರು. ಮಗಳು ಮುಖ್ಯರಸ್ತೆಯ ಕನ್ನಡಕದ ಅಂಗಡಿಯಲ್ಲಿ ಕೆಲಸಕ್ಕೆ ಸೇರಿಕೊಂಡಳು. ಬಾಗಿಲ ಮೇಲಿನ ಹಾಳೆಯನ್ನು ಯಾರು ತೆಗೆದರೋ, ಒಂದು ದಿನ ಅದು ಅಲ್ಲಿರಲಿಲ್ಲ. ಯಾರೂ ಕೇಳಲೂ ಇಲ್ಲ.

ಆ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಮೈ ಸಣ್ಣ, ಮಾತು ಇನ್ನೂ ಚೂಪು. ಕಡ್ಡಿ ಮುರಿದ ಹಾಗೆ ಮಾತಾಡುತ್ತಾಳೆಂದು ಎಲ್ಲರೂ ಅವಳನ್ನು ಕಡ್ಡಿ ಎಂದೇ ಕರೆಯುತ್ತಿದ್ದರು. ನಾಲ್ಕನೆಯ ಶುಕ್ರವಾರ ಅವಳು ಕೈಪಿಡಿಯ ಮೆಟ್ಟಿಲುಗಳನ್ನು ಖಾಲಿ ಬಿಟ್ಟು ಕೂತಿದ್ದಳು. ಯಾಕೆಂದು ಟೀಚರು ಕೇಳಿದರು.

ಕಡ್ಡಿ ಎದ್ದು ನಿಂತಳು. "ಮಿಸ್, ಕಾಲೇಜಿಗೆ ಹೋದೋರು ಅರ್ಧಕ್ಕೆ ವಾಪಸ್ ಬಂದ್ರೆ, ಅವರು ಯಾವ ಮೆಟ್ಟಿಲ ಮೇಲೆ ನಿಂತ್ಕೋತಾರೆ?"

ಅವಳ ಅಣ್ಣ ಹಾಗೆ ಬಂದಿದ್ದನಂತೆ. ಮನೆಯಲ್ಲಿ ಯಾರೂ ಅವನ ಜೊತೆ ಹೆಚ್ಚು ಮಾತಾಡುವುದಿಲ್ಲವಂತೆ, ನೆಂಟರು ಬಂದರೆ ಒಳಗಿನ ಕೋಣೆಯಲ್ಲೇ ಇರುತ್ತಾನಂತೆ. ಇದನ್ನೆಲ್ಲ ಅವಳು ಹವಾಮಾನ ವರದಿ ಓದಿದಷ್ಟು ಸಲೀಸಾಗಿ ಹೇಳಿದಳು. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಟೀಚರ ಹತ್ತಿರ ಏಳು ತಿಂಗಳಿಂದ ಇದ್ದ ಪ್ರಶ್ನೆ ಅದು. ಅದನ್ನು ಇಷ್ಟು ನೇರವಾಗಿ ಕೇಳಬಹುದೆಂದು ಅವರಿಗೆ ತೋಚಿರಲಿಲ್ಲ. "ಮುಂದಿನ ವಾರ ಹೇಳ್ತೀನಿ," ಎಂದರು. ಗಂಟೆ ಬಾರಿಸಿದ್ದರಿಂದ ಬಚಾವಾದರು.

ಅಂದು ಸಂಜೆ ಒಗೆದ ಬಟ್ಟೆ ಮಡಿಸುತ್ತ ಕೂತಿದ್ದಾಗ ಮಗಳು ಬಂದಳು. ಇಡೀ ದಿನ ಗಾಜಿನ ಅಂಚು ಉಜ್ಜಿ ಅವಳ ತೋಳಿನ ಮೇಲೆ ಬಿಳಿ ಪುಡಿ ಕೂತಿರುತ್ತಿತ್ತು. ತಾಯಿಯ ಸೀಮೆಸುಣ್ಣ, ಮಗಳ ಗಾಜು. ಮನೆಯ ಕಪ್ಪು ಬಟ್ಟೆ ಒಂದೂ ಕಪ್ಪಾಗಿ ಉಳಿದಿರಲಿಲ್ಲ. ಇಬ್ಬರ ನಡುವೆ ಆಗೆಲ್ಲ ಮಾತು ಬೇಕಾದಷ್ಟೇ: ಊಟ ಆಯ್ತಾ, ನಲ್ಲಿ ನಿಲ್ಲಿಸಿದ್ಯಾ, ಬೆಳಿಗ್ಗೆ ಎಷ್ಟು ಗಂಟೆಗೆ. ಅವತ್ತು ಯಾಕೋ ಟೀಚರ ಬಾಯಿಂದ ಕಡ್ಡಿಯ ಪ್ರಶ್ನೆ ಜಾರಿಬಿತ್ತು.

ಮಗಳು ಒಂದು ಟವೆಲ್ಲಿನ ತುದಿ ಹಿಡಿದುಕೊಂಡು ನಿಂತಳು. ನೀನು ಏನಂದೆ ಎಂದು ಕೇಳಿದಳು. ಮುಂದಿನ ವಾರ ಎಂದೆ, ಎಂದರು ತಾಯಿ.

"ಮುಂದಿನ ವಾರ ಏನ್ ಹೇಳ್ತೀಯ?"

"ಗೊತ್ತಿಲ್ಲ."

ಟವೆಲ್ಲು ನಾಲ್ಕು ಮಡಿಕೆಯಾಯಿತು. "ನಾನು ಬಂದು ಹೇಳ್ಲಾ?" ಎಂದಳು ಮಗಳು.

ಟೀಚರು ತಡವರಿಸಿದರು. ಶಾಲೆಯಲ್ಲಿ ಇನ್ನೂ ಯಾರಿಗೂ ಗೊತ್ತಿಲ್ಲ, ಎಲ್ಲರೂ ಏನೇನೋ ಕೇಳುತ್ತಾರೆ ಎಂದು ಗೊಣಗಿದರು. ಹೇಳಿದ ಮೇಲೇ ತಾವು ಏನು ಹೇಳಿದೆವೆಂದು ಅರಿವಾದದ್ದು.

"ಅಂದ್ರೆ ನಾನಿನ್ನೂ ಕಾಲೇಜಿಗೆ ಹೋಗ್ತಿದೀನಾ ಅಲ್ಲಿ?"

ಮಗಳು ಸಿಟ್ಟಾಗಲಿಲ್ಲ, ಆಗಿದ್ದರೆ ಹಗುರವಾಗುತ್ತಿತ್ತು. ಮಡಿಸಿದ ಬಟ್ಟೆಯ ರಾಶಿಯನ್ನು ಎತ್ತಿಕೊಂಡು ಒಳಗೆ ಹೋದಳು. ಟೀಚರು ಖಾಲಿ ಬುಟ್ಟಿಯನ್ನು ಪಕ್ಕಕ್ಕೆ ಸರಿಸಿ ಗೋಡೆ ಹಿಡಿದು ಎದ್ದು, ಒಳಕೋಣೆಯ ಬಾಗಿಲಲ್ಲಿ ನಿಂತು, "ಶುಕ್ರವಾರ ಎರಡೂವರೆಗೆ ಬಾ. ಅರ್ಧ ದಿನ ರಜಾ ಕೇಳು," ಎಂದರು. ಧೈರ್ಯ ಬಂದು ಹೇಳಿದ್ದಲ್ಲ. ಆ ಒಂದು "ಚೆನ್ನಾಗಿದಾಳೆ"ಯನ್ನು ಹೊತ್ತು ಹೊತ್ತು ಸುಸ್ತಾಗಿತ್ತು, ಅಷ್ಟೆ.

ಶುಕ್ರವಾರ ಮಗಳು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬಂದಳು. ಮುಖ್ಯೋಪಾಧ್ಯಾಯರು ಕಾರಿಡಾರಿನಲ್ಲೇ ಅವಳನ್ನು ಕಂಡು ಮುಖ ಅರಳಿಸಿದರು. ಕಾಲೇಜು ಹುಡುಗಿಯೇ ಬಂದು ಮಾತಾಡುವುದಕ್ಕಿಂತ ಒಳ್ಳೆಯದಿನ್ನೇನು, ನಾನೂ ಹತ್ತು ನಿಮಿಷ ಕೇಳುತ್ತೇನೆ ಎಂದು ಜೊತೆಗೇ ಬಂದು ತರಗತಿಯ ಬಾಗಿಲ ಬಳಿ ಕುರ್ಚಿ ಹಾಕಿಸಿಕೊಂಡರು. ಟೀಚರಿಗೆ ನುಂಗಲೂ ಆಗದ ಉಗುಳಲೂ ಆಗದ ಸ್ಥಿತಿ. ಮಗಳ ಮುಖ ನೋಡಿದರು. ಅವಳು ಕಿಟಕಿಯ ಸರಳು ಎಣಿಸುವವಳ ಹಾಗೆ ಆ ಕಡೆ ನೋಡುತ್ತಿದ್ದಳು. ಇನ್ನು ಇದನ್ನು ಅವಳ ತಲೆಗೆ ಕಟ್ಟುವುದು ಸರಿಯಲ್ಲ ಎನ್ನಿಸಿತು.

"ಇವಳು ನನ್ನ ಮಗಳು," ಎಂದರು ಟೀಚರು, ಸಮೀಕರಣ ಹೇಳಿಕೊಡುವ ಅದೇ ದನಿಯಲ್ಲಿ. "ಕಾಲೇಜಿಗೆ ಸೇರಿ ಒಂದೂವರೆ ವರ್ಷಕ್ಕೆ ಬಿಟ್ಟು ಬಂದಳು. ಹೋದ ವಾರದ ಪ್ರಶ್ನೆಗೆ ನನ್ನ ಹತ್ರ ಉತ್ತರ ಇಲ್ಲ. ಇವಳನ್ನ ಕೇಳಿ."

ಬಾಗಿಲ ಬಳಿಯ ಕುರ್ಚಿ ಕಿರುಗುಟ್ಟಿತು. ಟೀಚರು ಆ ಕಡೆ ತಿರುಗದೆ ನೇರ ಹಿಂದಕ್ಕೆ ನಡೆದು ಕೊನೆಯ ಬೆಂಚಿನಲ್ಲಿ, ಇಬ್ಬರು ಹುಡುಗಿಯರ ಪಕ್ಕ ಕೂತರು. ಮಂಡಿ ಬೆಂಚಿನ ಹಲಗೆಗೆ ತಾಗಿ ನೋಯುತ್ತಿತ್ತು.

ಮಗಳು ಮೊದಮೊದಲು ತಡವರಿಸಿದಳು. ಆಮೇಲೆ ಕಡ್ಡಿಯ ಮುಖ ನೋಡಿಕೊಂಡು ಹೇಳತೊಡಗಿದಳು. ಮೊದಲ ದಿನ ಅವಳು ಕಾಲಿಟ್ಟ ಕೋಣೆಯಲ್ಲಿ ನೂರ ಎಂಬತ್ತು ಜನ ಇದ್ದರಂತೆ. ಪಾಠ ಮಾಡುವವರು ಬೋರ್ಡಿಗೆ ಮುಖ ಮಾಡಿ ಬರೆಯುತ್ತ ಹೋಗಿ, ಬರೆದಷ್ಟೇ ವೇಗವಾಗಿ ಒರೆಸಿಯೂ ಬಿಡುತ್ತಿದ್ದರಂತೆ. ಮೂರನೆಯ ದಿನ ಒಂದು ಸಾಲು ಅರ್ಥವಾಗಲಿಲ್ಲ. ನಾಳೆ ಕೇಳೋಣ ಎಂದುಕೊಂಡಳು. ನಾಳೆ ಇನ್ನೆರಡು ಸಾಲು ಸೇರಿಕೊಂಡವು. ತಿಂಗಳಾಗುವುದರೊಳಗೆ ಕೇಳಬೇಕಾದದ್ದು ಎಷ್ಟು ಬೆಳೆಯಿತೆಂದರೆ, ಎಲ್ಲಿಂದ ಕೇಳಬೇಕೆಂಬುದೇ ತಿಳಿಯದಾಯಿತು. ಕೆಳಗಿನ ಅಂತಸ್ತಿನಲ್ಲಿ, ಓದಿನಲ್ಲಿ ಹಿಂದೆ ಬಿದ್ದವರಿಗೆ ಸಹಾಯ ಮಾಡುವ ಒಂದು ಕೋಣೆಯಿತ್ತು. ಬಾಗಿಲು ಸದಾ ತೆರೆದೇ ಇರುತ್ತಿತ್ತು. ದಿನಾ ಅದರ ಮುಂದೆಯೇ ಹಾದುಹೋಗುತ್ತಿದ್ದಳು, ಒಳಗೆ ಹೋಗಲಿಲ್ಲ. ಅದು ದಡ್ಡರ ಜಾಗ ಎಂದುಕೊಂಡಿದ್ದಳು, ತಾನು ಗಣಿತದ ಟೀಚರ ಮಗಳು. ಮೊದಲ ವರ್ಷ ಉರು ಹೊಡೆದು ಹೇಗೋ ದಾಟಿದಳು. ಎರಡನೆಯ ವರ್ಷ ಅದೂ ಕೈಕೊಟ್ಟಿತು.

"ಆಮೇಲೆ ನಾನು ಕ್ಲಾಸಿಗೆ ಹೋಗೋದು ಬಿಟ್ಟೆ. ಮನೇಲಿ ಹೇಳಲಿಲ್ಲ. ಬೆಳಿಗ್ಗೆ ಡಬ್ಬಿ ತಗೊಂಡು ಹೊರಡ್ತಿದ್ದೆ, ದೊಡ್ಡ ಬಸ್‌ಸ್ಟ್ಯಾಂಡಲ್ಲಿ ಕೂತ್ಕೋತಿದ್ದೆ, ಸಾಯಂಕಾಲ ವಾಪಸ್ ಬರ್ತಿದ್ದೆ. ಎರಡೂವರೆ ತಿಂಗಳು."

ಈ ಎರಡೂವರೆ ತಿಂಗಳ ಸುದ್ದಿ ಟೀಚರಿಗೆ ಗೊತ್ತೇ ಇರಲಿಲ್ಲ. ಆ ಬೆಳಿಗ್ಗೆಗಳು ಒಂದೊಂದಾಗಿ ಕಣ್ಣಮುಂದೆ ಬಂದವು. ಐದೂಕಾಲಿಗೆ ಎದ್ದು ಡಬ್ಬಿ ತುಂಬಿದ್ದು, ಮುಚ್ಚಳ ಬಿಗಿಯಾಗಿದೆಯೇ ಎಂದು ಅಲ್ಲಾಡಿಸಿ ನೋಡಿದ್ದು, ಇವತ್ತಿನ ಕ್ಲಾಸು ಹೇಗಿತ್ತೆಂದು ಸಂಜೆ ಕೇಳಿದ್ದು. ಚೆನ್ನಾಗಿತ್ತು ಎನ್ನುತ್ತಿದ್ದಳು ಮಗಳು. ಆ ಉತ್ತರ ಬರುವ ಹೊತ್ತಿಗೆ ತಾವು ಕಣ್ಣು ಮುಚ್ಚಿ ಕುರ್ಚಿಗೆ ಒರಗಿರುತ್ತಿದ್ದುದೂ ನೆನಪಾಯಿತು.

ಅಲ್ಲಿ ದಿನವೆಲ್ಲ ಏನು ಮಾಡುತ್ತಿದ್ದಿರಿ ಎಂದು ಒಬ್ಬ ಕೇಳಿದ. ಬಸ್ಸುಗಳ ನಂಬರು ಓದುತ್ತಿದ್ದೆ, ಯಾವ ಬಸ್ಸು ತಡವಾಗಿ ಬರುತ್ತದೆಂದು ಅಲ್ಲಿನ ನೌಕರರಿಗಿಂತ ಚೆನ್ನಾಗಿ ನನಗೆ ಗೊತ್ತಿತ್ತು ಎಂದಳು. ಮಕ್ಕಳು ನಕ್ಕರು, ಅವಳೂ ನಕ್ಕಳು. ನಗು ನಿಂತ ಮೇಲೆ ಕಡ್ಡಿ ಎದ್ದಳು. ನಿಮಗೆ ಲೆಕ್ಕ ಇಷ್ಟ ಇರಲಿಲ್ಲವಾ ಎಂದು ಕೇಳಿದಳು.

ಮಗಳು ಮೇಜಿನ ಮೇಲಿದ್ದ ಡಸ್ಟರನ್ನು ಆ ಕಡೆಯಿಂದ ಈ ಕಡೆಗಿಟ್ಟಳು.

"ನಂಗೆ ಲೆಕ್ಕ ಇಷ್ಟ ಇತ್ತೋ, ಅಮ್ಮ ಖುಷಿಯಾಗೋದು ಇಷ್ಟ ಇತ್ತೋ, ನಂಗೇ ಗೊತ್ತಾಗಲಿಲ್ಲ. ನಿಮ್ಮ ವಯಸ್ಸಲ್ಲಿ ಯಾರಾದ್ರೂ ಇನ್ನೊಂದ್ಸಲ ಕೇಳಿದ್ದಿದ್ರೆ ಗೊತ್ತಾಗ್ತಿತ್ತೇನೋ." ಸ್ವಲ್ಪ ತಡೆದು ಹೇಳಿದಳು, "ಕಾಲೇಜಿಗೆ ಹೋಗಬೇಡಿ ಅಂತ ಅಲ್ಲ. ಹೋಗಿ. ಅಲ್ಲಿ ಗ್ರಂಥಾಲಯ ಇದೆಯಲ್ಲ, ಅಷ್ಟು ಒಳ್ಳೆ ಜಾಗ ನಾನು ಬೇರೆಲ್ಲೂ ನೋಡಿಲ್ಲ. ಆದ್ರೆ ಮೊದಲನೇ ವಾರವೇ ಆ ಸಹಾಯದ ಕೋಣೆ ಎಲ್ಲಿದೆ ಅಂತ ಹುಡುಕಿ ಇಟ್ಕೊಳ್ಳಿ. ಅರ್ಥ ಆಗದೇ ಇರೋದು ಒಂದೇ ಸಾಲು ಇರುವಾಗ್ಲೇ ಹೋಗಿ."

ಆಮೇಲೆ ಕೈಗಳು ಎದ್ದ ರೀತಿ ನೋಡಿದರೆ ಅದು ಶುಕ್ರವಾರದ ಕೊನೆಯ ಪಿರಿಯಡ್ಡೆಂದು ಯಾರೂ ಹೇಳುವಂತಿರಲಿಲ್ಲ. ಅಲ್ಲಿ ಶೌಚಾಲಯಕ್ಕೆ ಕೇಳಿಕೊಂಡು ಹೋಗಬೇಕಾ, ಬೈಯುತ್ತಾರಾ, ಒಂದು ವಿಷಯಕ್ಕೆ ಸೇರಿ ಇನ್ನೊಂದಕ್ಕೆ ಬದಲಾಯಿಸಬಹುದಾ, ದಡ್ಡರಿಗೆ ಕಾಲೇಜು ಇದೆಯಾ. ಮಗಳು ಗೊತ್ತಿದ್ದದ್ದಕ್ಕೆ ಉತ್ತರ ಹೇಳಿದಳು, ಗೊತ್ತಿಲ್ಲದ್ದಕ್ಕೆ ಗೊತ್ತಿಲ್ಲ ಎಂದಳು. ಗಂಟೆ ಬಾರಿಸಿದ ಮೇಲೂ ಆರೇಳು ಮಕ್ಕಳು ಮೇಜಿನ ಸುತ್ತ ನಿಂತಿದ್ದರು. ಹತ್ತು ನಿಮಿಷಕ್ಕೆಂದು ಬಂದ ಮುಖ್ಯೋಪಾಧ್ಯಾಯರು ಕೊನೆಯವರೆಗೂ ಕೂತಿದ್ದು, ಗಂಟೆಯಾದದ್ದೇ ಎದ್ದು ಹೋದರು.

ಅವರು ಟೀಚರನ್ನು ಕರೆಸಿಕೊಂಡರು. ಮುಖ ಗಂಟಿಕ್ಕಿತ್ತು. ಮಕ್ಕಳನ್ನು ಹುರಿದುಂಬಿಸಿ ಎಂದು ಸುತ್ತೋಲೆ ಹೇಳುತ್ತದೆ, ನೀವು ಹೆದರಿಸಿಬಿಟ್ಟಿರಿ ಎಂದರು. ನಾಳೆ ಯಾರಾದರೂ ಪೋಷಕರು ಬಂದು ಕೇಳಿದರೆ ತಾವೇನು ಹೇಳುವುದು ಎಂದರು. ಟೀಚರು ವಾದಿಸಲಿಲ್ಲ. ಬೇರೆ ಯಾರಿಗಾದರೂ ಈ ಪಿರಿಯಡ್ಡು ಕೊಟ್ಟರೆ ತಮಗೇನೂ ಬೇಸರವಿಲ್ಲ ಎಂದರು. ಬೇರೆ ಯಾರೂ ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಮುಖ್ಯೋಪಾಧ್ಯಾಯರು ಪೆನ್ನಿನ ಮುಚ್ಚಳ ಹಾಕಿ, ತೆಗೆದು, ಮತ್ತೆ ಹಾಕಿದರು.

"ಏಳು ತಿಂಗಳು ಒಬ್ಬರಿಗೂ ಹೇಳಲಿಲ್ವಲ್ಲಮ್ಮ ನೀವು," ಎಂದರು ಕೊನೆಗೆ. ಅವರ ದನಿಯಲ್ಲಿ ಅಧಿಕಾರ ಇರಲಿಲ್ಲ, ನೋವಿತ್ತು. ವರದಿಯಲ್ಲಿ ಅವರು "ಹಳೆಯ ವಿದ್ಯಾರ್ಥಿನಿಯೊಡನೆ ಉಪಯುಕ್ತ ಸಂವಾದ" ಎಂದು ಬರೆದು ಕಳಿಸಿದರೆಂದು ಆಮೇಲೆ ಗೊತ್ತಾಯಿತು.

ತಾಯಿ ಮಗಳು ಒಂದೇ ಬಸ್ಸಿನಲ್ಲಿ ಮನೆಗೆ ಹೊರಟರು. ಕೂರಲು ಜಾಗ ಸಿಕ್ಕಿದ್ದೇ ದೊಡ್ಡದು. ಮೂರು ನಿಲ್ದಾಣ ಕಳೆದ ಮೇಲೆ ತಾಯಿ, ಆ ಎರಡೂವರೆ ತಿಂಗಳು ಯಾಕೆ ಹೇಳಲಿಲ್ಲ ಎಂದು ಮೆಲ್ಲನೆ ಕೇಳಿದರು.

"ನೀನು ದಿನಾ ಎಷ್ಟು ಸುಸ್ತಾಗಿ ಬರ್ತಿದ್ದೆ ಅಂದ್ರೆ, ಚಪ್ಪಲಿ ಬಿಡೋಕೂ ಕೂತ್ಕೋಬೇಕಿತ್ತು ನಿಂಗೆ. ಅದರ ಮೇಲೆ ಇದನ್ನೆಲ್ಲಿ ಹಾಕೋದು ಅನ್ನಿಸ್ತು."

ಟೀಚರು ಕಿಟಕಿಯಾಚೆ ನೋಡಿದರು. ಅಂಗಡಿಗಳ ಸಾಲು ಹಿಂದೆ ಹಿಂದೆ ಸರಿಯಿತು. ತಾವು ಇಪ್ಪತ್ತಾರು ವರ್ಷ ಬೇರೆಯವರ ಮಕ್ಕಳಿಗೆ "ಅರ್ಥ ಆಯ್ತಾ" ಎಂದು ಕೇಳುತ್ತ ಬಂದದ್ದನ್ನು ಲೆಕ್ಕ ಹಾಕಿದರೆ ಎಷ್ಟು ಸಾವಿರವಾದೀತೋ.

"ಸುಸ್ತಾಗಿದ್ರೂ ನಾನು ಕೇಳ್ಬೇಕಿತ್ತು," ಎಂದರು.

ಮಗಳು ತಾಯಿಯ ತೊಡೆಯ ಮೇಲಿದ್ದ ಭಾರದ ಚೀಲವನ್ನು ಎತ್ತಿ ತನ್ನ ತೊಡೆಗೆ ಹಾಕಿಕೊಂಡಳು.

ಮುಂದಿನ ವಾರ ಟೀಚರು ಕೈಪಿಡಿಗಳನ್ನು ಪೆಟ್ಟಿಗೆಗೆ ತುಂಬಿ ಬೀರುವಿನ ಮೇಲಿಟ್ಟರು. ಮಕ್ಕಳಿಗೆ ಅರ್ಧರ್ಧ ಹಾಳೆ ಕೊಟ್ಟು ಎರಡೇ ಪ್ರಶ್ನೆ ಬರೆಸಿದರು. ನಿನಗೆ ಏನು ಮಾಡುವಾಗ ಹೊತ್ತು ಹೋಗುವುದೇ ತಿಳಿಯುವುದಿಲ್ಲ? ಏನಾದರೂ ತಿಳಿಯದಿದ್ದರೆ ಯಾರನ್ನು ಕೇಳುತ್ತೀಯ? ಎರಡನೆಯದಕ್ಕೆ ಇಪ್ಪತ್ತೊಂಬತ್ತು ಮಕ್ಕಳು "ಯಾರನ್ನೂ ಇಲ್ಲ" ಎಂದು ಬರೆದಿದ್ದರು. ಆ ಹಾಳೆಗಳಿಗೆ ಕೆಂಪು ಗೀಟು ಎಳೆಯಲು ಅವರಿಗೆ ಕೈ ಬರಲಿಲ್ಲ. ಅಂದಿನಿಂದ ಪ್ರತಿ ಶುಕ್ರವಾರ ಹೆಸರು ಹಿಡಿದು ಐದೈದು ಮಕ್ಕಳ ಜೊತೆ ಕೂತು ಮಾತಾಡತೊಡಗಿದರು, ಮತ್ತೆ ಮತ್ತೆ ಅದೇ ಎರಡು ಪ್ರಶ್ನೆ. ಉತ್ತರಗಳು ವಾರವಾರಕ್ಕೂ ಬದಲಾಗುತ್ತಿದ್ದವು, ಬದಲಾಗಲಿ ಎಂದು ಬಿಟ್ಟರು. ಕೆಲಸ ಕಡಿಮೆಯಾಗಲಿಲ್ಲ, ಹೆಚ್ಚಾಯಿತು. ಇಬ್ಬರು ಪೋಷಕರು ಬಂದು ಜಗಳವಾಡಿಯೂ ಹೋದರು. ಕಡ್ಡಿಯ ಅಣ್ಣ ಕಾಲೇಜಿಗೆ ಒಮ್ಮೆ ಹೋಗಿ, ವಿಷಯ ಬದಲಾಯಿಸಲು ಆಗುತ್ತದೆಯೇ ಎಂದು ವಿಚಾರಿಸಿಕೊಂಡು ಬಂದನಂತೆ. ಆಗುವುದಿಲ್ಲ ಎಂದರಂತೆ. ಆದರೆ ಈಗ ನೆಂಟರು ಬಂದರೆ ಹೊರಗೆ ಬಂದು ಕೂರುತ್ತಾನೆ ಎಂದಳು ಕಡ್ಡಿ.

ಮಗಳು ವರ್ಷ ಮುಗಿಯುವವರೆಗೂ ಅಂಗಡಿಯಲ್ಲೇ ಇದ್ದಳು. ಕಣ್ಣಿನ ಪರೀಕ್ಷೆ ಮಾಡುವುದನ್ನು ಕಲಿಸುವ ಒಂದು ಕೋರ್ಸು ಇದೆಯಂತೆ, ಮುಂದಿನ ವರ್ಷ ನೋಡುತ್ತೇನೆ, ಇಲ್ಲದಿದ್ದರೆ ಇಲ್ಲ ಎಂದು ಒಮ್ಮೆ ಊಟ ಮಾಡುತ್ತ ಹೇಳಿದಳು. ಟೀಚರ ನಾಲಗೆಯ ತುದಿಗೆ ಹತ್ತು ಪ್ರಶ್ನೆಗಳು ಬಂದವು: ಎಷ್ಟು ವರ್ಷ, ಯಾವಾಗ ಅರ್ಜಿ, ಯಾವ ಪರೀಕ್ಷೆ. ಹಲ್ಲು ಕಚ್ಚಿ ಒಂದನ್ನೂ ಕೇಳಲಿಲ್ಲ. ಅದರಲ್ಲಿ ನಿಂಗೇನು ಇಷ್ಟ ಎಂದಷ್ಟೇ ಕೇಳಿದರು. ಹೊಸ ಕನ್ನಡಕ ಹಾಕಿಕೊಂಡ ಕೂಡಲೇ ಜನರು ಮೊದಲು ಬಾಗಿಲಾಚೆ ನೋಡುತ್ತಾರೆ, ಆಗ ಅವರ ಮುಖ ನೋಡುವುದು ಇಷ್ಟ ಎಂದಳು ಮಗಳು. ಪಂಪ್‌ಹೌಸಿನ ತಂದೆ, ನಾನೂ ಒಂದು ದಿನ ಬರಬೇಕು, ಪೇಪರು ಕಾಣುತ್ತಿಲ್ಲ ಎಂದರು.

ವಾರ್ಷಿಕ ಪರೀಕ್ಷೆಯ ಕೊನೆಯ ಉತ್ತರಪತ್ರಿಕೆ ತಿದ್ದಿ ಮುಗಿದ ಮರುದಿನ ಭಾನುವಾರ. ಶಾಲೆಯೂ ಇಲ್ಲ, ಅಂಗಡಿಯೂ ಇಲ್ಲ. ಟೀಚರಿಗೆ ಐದೂಕಾಲಿಗೆ ತಾನಾಗಿ ಎಚ್ಚರವಾಯಿತು. ಎದ್ದು ಏನು ಮಾಡಬೇಕೆಂದು ಒಂದು ಗಳಿಗೆ ಯೋಚಿಸಿದರು. ಮಾಡಬೇಕಾದದ್ದು ಏನೂ ಹೊಳೆಯಲಿಲ್ಲ. ಪಕ್ಕದ ಕೋಣೆಯಲ್ಲಿ ಮಗಳು ನಿದ್ದೆಯಲ್ಲಿ ಮಗ್ಗುಲು ಬದಲಿಸಿದ ಸದ್ದಾಯಿತು. ಟೀಚರು ಹೊದಿಕೆಯನ್ನು ಕುತ್ತಿಗೆಯವರೆಗೆ ಎಳೆದುಕೊಂಡು, ಹೊತ್ತೇರುವವರೆಗೆ ಮಲಗಿದರು.